ಕಾಣದ ಮಠವನ್ನು ನಕ್ಷೆಯಿಂದ ಅಳಿಸಿದ್ದು

1998ರಲ್ಲಿ ನಾನು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಡೇಟಾಬೇಸ್ ಪ್ರೋಗ್ರಾಮರ್ ಆಗಿದ್ದೆ. ಹಳೆಯ ಕಂಪ್ಯೂಟರಿನ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವುದು, ಅಂದರೆ ಡೇಟಾ ಮೈಗ್ರೇಶನ್, ನನ್ನ ಕೆಲಸ. ಇಂಗ್ಲೆಂಡಿನ ಒಂದು ಜಿಲ್ಲೆಯ ಪುರಾತನ ಸ್ಥಳಗಳ ಪಟ್ಟಿ ನನ್ನ ಪಾಲಿಗೆ ಬಂತು. ರಸ್ತೆ, ಕಟ್ಟಡಗಳಿಗೆ ಅನುಮತಿ ಕೊಡುವ ಮುನ್ನ ಅಲ್ಲಿನ ಅಧಿಕಾರಿಗಳು ಅದನ್ನು ನೋಡುತ್ತಿದ್ದರು.

ಹೊಸ ಫಾರ್ಮಿನ 'ಸ್ಥಿತಿ' ಕಾಲಮ್ಮಿಗೆ ಎರಡೇ ಉತ್ತರ: ಇದೆ, ನಾಶವಾಗಿದೆ. 'ನೆಲದ ಮೇಲೆ ಏನೂ ಕಾಣುವುದಿಲ್ಲ' ಎಂದಿದ್ದ ನಲವತ್ತೊಂದು ಸ್ಥಳಗಳನ್ನು ನಾಶವಾದವೆಂದು ನಕ್ಷೆಯಿಂದ ತೆಗೆದುಬಿಟ್ಟೆ. ಅವುಗಳಲ್ಲೊಂದು ಹದಿನಾಲ್ಕು ಮನೆಗಳ ಹಳ್ಳಿಯೊಂದರ ಪ್ರಯರಿ, ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ಸಣ್ಣ ಮಠ. ನಾನೋ ಧಾರವಾಡದವನು. ಸ್ವಾಮಿಗಳಿಲ್ಲ, ಗದ್ದುಗೆಯಿಲ್ಲ, ದೀಪ ಹಚ್ಚುವವರಿಲ್ಲ, ಇನ್ನೆಲ್ಲಿಯ ಮಠ ಎಂದುಕೊಂಡೆ.

ಮೂರು ತಿಂಗಳ ನಂತರ ಒಂದು ಬುಧವಾರ ಆ ಹಳ್ಳಿಯ ನಿವೃತ್ತ ಶಿಕ್ಷಕಿ ಮಾರ್ಗರೆಟ್ ಫೋನ್ ಮಾಡಿದರು. ಅಲ್ಲಿನ ಕಚೇರಿಯವರೇ ನನ್ನ ನಂಬರ್ ಕೊಟ್ಟಿದ್ದರಂತೆ.

"ನಕ್ಷೆಯಲ್ಲಿ ನಮ್ಮ ಪ್ರಯರಿ ಇಲ್ಲ. ಶುಕ್ರವಾರ ಆ ಹೊಲದಲ್ಲಿ ರಸ್ತೆಗೆ ಅನುಮತಿ ಕೊಡುತ್ತಿದ್ದಾರೆ."

"ಮೇಡಂ, ಅಲ್ಲಿ ಏನೂ ಇಲ್ಲವಲ್ಲ?"

"ಬೇಸಿಗೆಯಲ್ಲಿ ಬಂದು ನೋಡಿ. ಬಾರ್ಲಿ ಬೆಳೆಯಲ್ಲಿ ಒಂದೊಂದು ಕೋಣೆಯೂ ಕಾಣುತ್ತದೆ."

ಕಕ್ಕಾಬಿಕ್ಕಿಯಾದೆ. ಬೆಳೆಯಲ್ಲಿ ಕೋಣೆಯೇ? ಈಯಮ್ಮನ ತಲೆ ಸರಿಯಿದೆಯೇ, ನನ್ನದು ಕೆಟ್ಟಿದೆಯೇ? ಲಿಖಿತ ಕಾರಣ ಕೊಡದೆ ಒಂದಕ್ಷರವನ್ನೂ ತಿದ್ದುವಂತಿರಲಿಲ್ಲ. ಏನಂತ ಬರೆಯಲಿ? ತಲೆ ಚಿತ್ರಾನ್ನವಾಯಿತು.

ಸಂಜೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾಳ ಮುಂದೆ ಗೋಳು ಹೇಳಿಕೊಂಡೆ. ಅವಳು ಗದಗ ಕಡೆಯ ಒಕ್ಕಲುತನದ ಮನೆಯವಳು.

"ಅಯ್ಯ, ಅದರಾಗೇನೈತ್ರೀ ತಿಳೀಲಾರದ್ದು? ನಮ್ಮ ಹೊಲದಾಗ ತಳಕ್ಕ ಕಲ್ಲಿದ್ದಲ್ಲಿ ಜ್ವಾಳ ಮೊದಲ ಒಣಗತಿತ್ತು. ಗ್ವಾಡಿ ಬಿದ್ದರ ಬುನಾದಿ ಎಲ್ಲಿ ಹೋಗತೈತಿ?"

ನಾಚಿಕೆಯಿಂದ ಮುಖ ಸಣ್ಣದಾಯಿತು. ಮರುದಿನ ಅವಳು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದು, ಪ್ರಯರಿಯನ್ನು ನಕ್ಷೆಗೆ ಮರಳಿಸಿದೆ. ಶುಕ್ರವಾರ ಮಾರ್ಗರೆಟ್ ಮತ್ತೆ ಫೋನ್ ಮಾಡಿದರು. "ತಡೆದರು" ಎಂದಷ್ಟೇ ಹೇಳಿ ಅತ್ತುಬಿಟ್ಟರು. ನಾನೂ ಏನೋ ದೊಡ್ಡದು ಕಡಿದು ಕಟ್ಟೆ ಹಾಕಿದವನಂತೆ ಬೀಗಿದೆ.

ಸೋಮವಾರ ಉಳಿದ ನಲವತ್ತನ್ನು ಮರಳಿಸಲು ಕುಳಿತೆ. ಅಲ್ಲಿನ ಕಚೇರಿಯನ್ನು ವಿಚಾರಿಸಿದರೆ, ಒಂದು ಸ್ಥಳದಲ್ಲಿ ಎರಡು ತಿಂಗಳ ಹಿಂದೆಯೇ ಕಾರ್ ಪಾರ್ಕಿಗೆ ಅನುಮತಿ ಸಿಕ್ಕಿ, ಬುನಾದಿಯನ್ನೂ ಅಗೆದು ಹಾಕಿದ್ದರು. ಅಧಿಕಾರಿಗಳು ನೋಡಿದ್ದು ನನ್ನ ನಕ್ಷೆಯನ್ನೇ.

ಅಂದಿನಿಂದ ನಾನು ಮಾಡಿದ ಪ್ರತಿ ಫಾರ್ಮಿನಲ್ಲೂ 'ಗೊತ್ತಿಲ್ಲ' ಎಂಬ ಮೂರನೆಯ ಉತ್ತರಕ್ಕೆ ಜಾಗವಿಟ್ಟೆ. ಮ್ಯಾನೇಜರುಗಳು ಬೈದರೂ ಬಿಡಲಿಲ್ಲ. ಮಾರ್ಗರೆಟ್ ತಮ್ಮ ಮಠಕ್ಕಾಗಿ ಜಗಳಕ್ಕೆ ನಿಂತರು, ಅದು ಉಳಿಯಿತು. ಆ ಕಾರ್ ಪಾರ್ಕಿನ ಊರಿನಿಂದ ನನಗೆ ಯಾರೂ ಫೋನ್ ಮಾಡಿರಲಿಲ್ಲ.