ಡೋಸಿಯರ್ ಅಂದರೆ ಫೈಲ್ ಅಲ್ಲ

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸಾಹೇಬರಿಂದ ಹಿಡಿದು ಜವಾನರವರೆಗೆ ಎಲ್ಲರಿಗೂ ಅವಳು ಡಿಕ್ಷನರಿ ಅಕ್ಕ. ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಭಾಷಾಂತರ ಮಾಡುತ್ತಿದ್ದಳು. ಮೇಲಿನಿಂದ ಬಂದ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಬೇಕು, ಇಲ್ಲಿಂದ ಹೋಗುವುದನ್ನು ಇಂಗ್ಲಿಷಿಗೆ ಏರಿಸಬೇಕು, ಅಷ್ಟೇ ಕೆಲಸ. ಅವಳ ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. "ಇದ್ದದ್ದನ್ನ ಇದ್ದ ಹಾಗೆ ಇಡು ಮಗಳೇ. ಸೇರಿಸೋದೂ ಬೇಡ, ಬಿಡೋದೂ ಬೇಡ" ಎಂದು ಅವಳ ತಲೆಗೆ ತುಂಬಿ ಹೋಗಿದ್ದರು. ಅವಳು ಅದನ್ನು ಒಂದು ದಿನವೂ ಮೀರಿದವಳಲ್ಲ. ಪದಗಳ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಮೇಜಿನ ಮೇಲಿನ ದಪ್ಪ ನಿಘಂಟು ಬಿಚ್ಚದೆ ಎಷ್ಟೋ ವರ್ಷವಾಗಿ, ಅದರ ಮೇಲೆ ಟೀ ಲೋಟ ಇಡುವುದು ರೂಢಿಯಾಗಿಬಿಟ್ಟಿತ್ತು.

ಅವಳ ಕೋಣೆಯ ಕೆಳಗೇ ರೆಕಾರ್ಡ್ ರೂಮು. ಅಲ್ಲಿದ್ದವರನ್ನು ಅವಳು ಅಣ್ಣ ಅನ್ನುತ್ತಿದ್ದಳು. ನಿವೃತ್ತಿಗೆ ಇನ್ನೆರಡು ವರ್ಷವಿದ್ದ, ಬಡಕಲು ಮೈಯ ಮನುಷ್ಯ. ಬಾಯಿ ಮಾತ್ರ ಸುಮ್ಮನಿರದು. ಬೀರುವಿನ ಬಾಗಿಲು ಕಚ್ಚಿಕೊಂಡರೆ, "ಈ ರೂಮಿಗಿಷ್ಟು ಬೆಂಕಿ ಹಾಕ!" ಎಂದು ಗುಡುಗುವರು. ಹಾಗೆಂದವರೇ ಮರುಗಳಿಗೆ ಕೂಸನ್ನು ಒರೆಸುವ ಹಾಗೆ ಕಡತಗಳ ಧೂಳು ಒರೆಸುತ್ತ ಕೂರುವರು. ಯಾವ ವರ್ಷದ ಯಾವ ಕಾಗದ ಕೇಳಿದರೂ ಕಣ್ಣು ಮುಚ್ಚಿ ಎಳೆದುಕೊಡುವರು. ಮಧ್ಯಾಹ್ನ ಮೆಟ್ಟಿಲ ಹತ್ತಿರ ಇಬ್ಬರೂ ಡಬ್ಬಿ ಬಿಚ್ಚಿ, ಕಂಡವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು.

ಆ ವರ್ಷ ಹೊಸ ಸಾಹೇಬರು ಬಂದರು. ಎಂದೂ ದನಿ ಏರಿಸಿದವರಲ್ಲ, ನಡೆದರೆ ಚಪ್ಪಲಿ ಸದ್ದೂ ಕೇಳದು. ಅವರು ಬಂದ ವಾರವೇ ಒಂದು ಸುತ್ತೋಲೆ ಬಂತು. ಅದರಲ್ಲಿ 'ಡೋಸಿಯರ್' ಎಂಬ ಪದವಿತ್ತು. ಪ್ರತಿಯೊಬ್ಬ ನೌಕರನದೂ ಒಂದೊಂದು ಡೋಸಿಯರ್ ತೆರೆಯತಕ್ಕದ್ದು ಎಂದಿತ್ತು. ಅವಳು ಯೋಚಿಸದೆ 'ಕಡತ' ಎಂದು ಬರೆದು ಕಳಿಸಿದಳು. ಓದಿದವರು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕಚೇರಿಯಲ್ಲಿ ಕಡತಕ್ಕೇನು ಬರವೇ?

ಅದಾದ ಮೇಲೆ ಕೆಳಗಿನ ಬಾಗಿಲ ಬಳಿ ಬೀಗ ಹಾಕಿದ ಒಂದು ಪೆಟ್ಟಿಗೆ ಬಂತು. ಸಹೋದ್ಯೋಗಿಗಳ ಬಗ್ಗೆ ಹೇಳಬೇಕಾದದ್ದಿದ್ದರೆ ಬರೆದು ಹಾಕಿ, ಸಹಿ ಬೇಕಾಗಿಲ್ಲ ಎಂದು ಅದರ ಮೇಲೆ ಬರೆದಿತ್ತು. ಸೋಮವಾರ ಸೋಮವಾರ ಆ ಚೀಟಿಗಳ ಕಟ್ಟು ಇಂಗ್ಲಿಷಾಗಲು ಅವಳ ಮೇಜಿಗೆ ಬರತೊಡಗಿತು. ಒಬ್ಬರು ತಡವಾಗಿ ಬರುತ್ತಾರೆ, ಇನ್ನೊಬ್ಬರು ಸಾಹೇಬರ ನಡಿಗೆಯನ್ನು ಅಣಕಿಸುತ್ತಾರೆ. ಮೊದಮೊದಲು ಅವಳಿಗೆ ನಗು ಬಂತು. ನಾಲ್ಕನೇ ಕಟ್ಟಿನಲ್ಲಿ ಒಂದು ಸಾಲಿತ್ತು: "ರೆಕಾರ್ಡ್ ರೂಮಿನವರು ಈ ರೂಮಿಗಿಷ್ಟು ಬೆಂಕಿ ಹಾಕ ಅಂತ ದಿನಾ ಹೇಳ್ತಾರೆ."

ಅವಳು ಪೆನ್ನು ಹಿಡಿದು ಒಂದು ಗಳಿಗೆ ತಡೆದಳು. ಗೊಣಗುತ್ತಾರೆ ಎಂದು ಬರೆಯಬಹುದಿತ್ತು. ಆದರೆ ಅದು ಅಪ್ಪ ಬೇಡವೆಂದಿದ್ದ ಸೇರಿಸುವ ಕೆಲಸವಾದೀತು. ಪದಕ್ಕೆ ಪದ ಇಟ್ಟಳು. ಇಂಗ್ಲಿಷಿನಲ್ಲಿ ಆ ಸಾಲು, ಕೋಣೆಗೆ ಬೆಂಕಿ ಇಡುವ ಮಾತನ್ನು ಅವರು ಪ್ರತಿದಿನ ಆಡುತ್ತಾರೆ ಎಂದು ನಿಂತಿತು. ಅವಳು ಮುಂದಿನ ಚೀಟಿ ಎತ್ತಿಕೊಂಡಳು.

ಹತ್ತು ದಿನ ಕಳೆದು ಅಣ್ಣ ಕೈಯಲ್ಲೊಂದು ಕಾಗದ ಹಿಡಿದು ಬೆಳಿಗ್ಗೆಯೇ ಅವಳ ಕೋಣೆಗೆ ಬಂದರು.

"ನೋಡಮ್ಮ, ಮೇಲಿನ ಮಹಡಿಗೆ ಬಾ ಅಂತಿದೆ. ನನ್ನ ಡೋಸಿಯರ್ ವಿಷಯವಂತೆ. ಹಾಗಂದ್ರೇನು?"

"ಫೈಲ್ ಅಂತ ಅಣ್ಣ."

"ಫೈಲು ಅಂದ್ರೆ ನಮ್ಮನೇದೇ ವಿಷಯ ಬಿಡು!" ಅವರು ನಕ್ಕರು. "ಏನೂ ತೊಂದರೆ ಇಲ್ಲ ತಾನೆ?"

"ಏನೂ ಇಲ್ಲ, ಹೋಗಿ ಬನ್ನಿ. ಪಿಂಚಣಿದೇ ಇರಬೇಕು."

ಅವರು ಮೆಟ್ಟಿಲು ಹತ್ತಿ ಹೋದರು. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚದೆ ಕಾದಳು, ಅಣ್ಣ ಬರಲಿಲ್ಲ. ಸಂಜೆ ರೆಕಾರ್ಡ್ ರೂಮಿಗೆ ಇಳಿದು ನೋಡಿದರೆ, ಕುರ್ಚಿಯ ಬೆನ್ನಿಗೆ ಅವರ ಕೈಚೀಲ ಹಾಗೇ ನೇತಾಡುತ್ತಿತ್ತು. ಜವಾನನನ್ನು ಕೇಳಿದಳು. "ಹಿಂದಿನ ಬಾಗಿಲಿಂದ ಕರ್ಕೊಂಡು ಹೋದ್ರಕ್ಕ, ಜೊತೆಗೆ ಇಬ್ಬರಿದ್ರು" ಎಂದವನೇ ಅವಳ ಮುಖ ನೋಡದೆ ಬಕೆಟ್ಟು ಎತ್ತಿಕೊಂಡು ನಡೆದ.

ಅವಳು ಕೋಣೆಗೆ ಬಂದು ಲೋಟ ಸರಿಸಿ ನಿಘಂಟು ಬಿಚ್ಚಿದಳು. ಒಬ್ಬ ವ್ಯಕ್ತಿಯನ್ನು ಕುರಿತು ಕೂಡಿಹಾಕಿದ ಕಾಗದಗಳ ಕಟ್ಟು ಎಂದಿತ್ತು. ಬೆನ್ನು ಎಂಬರ್ಥದ ಪದದಿಂದ ಹುಟ್ಟಿದ್ದಂತೆ, ಕಟ್ಟಿನ ಬೆನ್ನ ಮೇಲೆ ಹೆಸರು ಅಂಟಿಸುತ್ತಿದ್ದರಂತೆ. ಬಳಕೆಗೆ ಕೊಟ್ಟಿದ್ದ ಮೂರು ವಾಕ್ಯಗಳಲ್ಲಿ ಎರಡರಲ್ಲಿ ಪೊಲೀಸರಿದ್ದರು. ಕಡತ ರಸ್ತೆಗೂ ಇರುತ್ತದೆ, ಬಾವಿಗೂ ಇರುತ್ತದೆ. ಇದು ಮನುಷ್ಯನದು, ಅದೂ ಅವನ ಬೆನ್ನ ಹಿಂದೆ ಬೆಳೆಯುವಂಥದ್ದು.

ಮಾರನೆಯ ದಿನ ಅವಳು ಧೈರ್ಯ ತಂದುಕೊಂಡು ಸಾಹೇಬರ ಮುಂದೆ ನಿಂತಳು.

"ಸರ್, ತಪ್ಪು ನನ್ನದು. ಬೆಂಕಿ ಹಾಕ ಅನ್ನೋದು ಒಂದು ಮಾತು ಅಷ್ಟೇ. ಅಮ್ಮಂದಿರು ಮಕ್ಕಳಿಗೂ ಅಂತಾರೆ. ಯಾರೂ ಕಡ್ಡಿ ಗೀರಲ್ಲ."

"ಕೂತ್ಕೊಳ್ಳಿ ಮೇಡಂ." ಸಾಹೇಬರು ನೀರಿನ ಲೋಟವನ್ನು ಅವಳತ್ತ ಸರಿಸಿದರು. "ಹಾಗಾದ್ರೆ ನೀವು ಬರೆದ ಇಂಗ್ಲಿಷ್ ಸುಳ್ಳಾ?"

"ಸುಳ್ಳಲ್ಲ ಸರ್. ಪದ ಸರಿ, ಅರ್ಥ ತಪ್ಪು."

"ಇದನ್ನೇ ಬರೆದು ಸಹಿ ಮಾಡಿಕೊಡಿ. ಅವರನ್ನ ನಿಮಗೆ ಚೆನ್ನಾಗಿ ಗೊತ್ತು ಅನ್ನೋದನ್ನೂ ಬರೀರಿ."

ಅವಳು ಒಂದೂವರೆ ಪುಟ ಬರೆದಳು. ಜೊತೆಯಲ್ಲಿ ಉಣ್ಣುತ್ತಿದ್ದದ್ದು, ಹರಟುತ್ತಿದ್ದದ್ದು, ಆ ಮಾತನ್ನು ನೂರು ಸಲ ಕೇಳಿ ನಕ್ಕದ್ದು ಎಲ್ಲವನ್ನೂ ಬರೆದಳು. ಸಾಹೇಬರು ನಿಧಾನವಾಗಿ ಓದಿ, "ತುಂಬಾ ಉಪಕಾರವಾಯ್ತು" ಎಂದರು. ಆಮೇಲೆ ಖಾನೆಯಿಂದ ಹೊಸ ರಟ್ಟೊಂದನ್ನು ತೆಗೆದು, ಅವಳ ಕಾಗದವನ್ನು ಅದರೊಳಗಿಟ್ಟು, ಪೆನ್ನಿನ ಮುಚ್ಚಳ ತೆಗೆದರು.

"ನಿಮ್ಮ ಪೂರ್ತಿ ಹೆಸರು ಹೇಳಿ ಮೇಡಂ. ಎಲ್ಲರೂ ಡಿಕ್ಷನರಿ ಅಕ್ಕ ಅಂತಾರೆ, ನನಗೆ ಹೆಸರೇ ಗೊತ್ತಿಲ್ಲ."

ಅವಳು ಹೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಮನೆಯಲ್ಲಿ ಅವಳ ಜೊತೆಗಿದ್ದದ್ದು ಬಟ್ಟೆ ಹೊಲಿಯುವ ತಂಗಿ. ಅಂದು ಮೆಷಿನ್ನಿನ ದಾರ ತುಂಡಾಗಿ ತಂಗಿ ಅದಕ್ಕೆ ಶಾಪ ಹಾಕಿದಾಗ, ಅಕ್ಕ ಎದ್ದು ಹೋಗಿ ಕಿಟಕಿ ಮುಚ್ಚಿದಳು.

"ಏನಾಯ್ತೇ ನಿನಗೆ?"

"ಏನಿಲ್ಲ. ಮೆತ್ತಗೆ ಮಾತಾಡು."

ಹನ್ನೆರಡನೆಯ ದಿನ ಅಣ್ಣ ಬಂದರು, ರಾಜೀನಾಮೆ ಕೊಡಲು. ಅಂಗಿ ಮೈಮೇಲೆ ಜೋಲುತ್ತಿತ್ತು. ಅವಳು ಮೆಟ್ಟಿಲಲ್ಲಿ ಅಡ್ಡ ನಿಂತು, "ಅಣ್ಣಾ, ನನ್ನಿಂದ..." ಎಂದು ಶುರುಮಾಡಿದಳು. ಅವರು ತುಟಿಯ ಮೇಲೆ ಬೆರಳಿಟ್ಟು ಮೇಲಿನ ಮಹಡಿಯತ್ತ ಕಣ್ಣು ಹಾಯಿಸಿದರು. "ನಿಮ್ಮ ಪರಿಚಯ ನನಗಿಲ್ಲ ಅಂತ ಬರೆದುಕೊಟ್ಟಿದೀನಮ್ಮ" ಎಂದರು. ಅದು ಕೋಪದ ಮಾತೋ ಅವಳನ್ನು ಕಾಪಾಡುವ ಮಾತೋ ಎಂದು ಅವಳಿಗೆ ಕಡೆಗೂ ತಿಳಿಯಲಿಲ್ಲ. ಆಮೇಲೆ ಅವರು ಮನೆ ಖಾಲಿ ಮಾಡಿದರೆಂದು ಸುದ್ದಿ ಬಂತು. ಎಲ್ಲಿಗೆ ಹೋದರೆಂದು ಕೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಬರಲಿಲ್ಲ.

ಅವಳು ಬೇರೆ ವಿಭಾಗಕ್ಕೆ ವರ್ಗ ಕೇಳಿದಳು, ಸಿಗಲಿಲ್ಲ. ಸೋಮವಾರದ ಕಟ್ಟು ಬರುತ್ತಲೇ ಇತ್ತು. ಈಗ ಒಂದೊಂದು ಸಾಲನ್ನೂ ಮೂರು ಸಲ ಓದಿ, ಚೂಪಾದದ್ದನ್ನು ಮೊಂಡು ಮಾಡಿ, ವಿಷದ ಮಾತಿಗೆ ಸಪ್ಪೆ ಮಾತು ಹುಡುಕಿ ಬರೆಯುತ್ತಿದ್ದಳು. ಅಪ್ಪನ ಮಾತು ಮೀರಿದ್ದಕ್ಕೆ ಒಂದು ದಿನವೂ ನೊಂದುಕೊಳ್ಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಏಳೆಂಟು ಜನ ಹಾಗೆ ಅವಳ ಪೆನ್ನಿನಡಿ ಬಚಾವಾದರು. ಅದು ಅವರಿಗೂ ಗೊತ್ತಾಗಲಿಲ್ಲ.

ಆಮೇಲೊಂದು ದಿನ ಅವಳ ಕೋಣೆಗೆ ಎರಡನೆಯ ಮೇಜು ಬಂತು. ಅದರ ಹಿಂದೆ ಬಂದವಳು ಹೊಸ ಭಾಷಾಂತರಕಾರ್ತಿ, ಬಲು ವಿನಯದ ಹೆಣ್ಣು. ಅಕ್ಕ ಬರೆದು ಮುಗಿಸಿದ ಹಾಳೆಗಳನ್ನು ಮೂಲದ ಜೊತೆ ಹೋಲಿಸಿ ನೋಡುವುದು ಅವಳ ಕೆಲಸವಂತೆ. ಮೊದಲ ದಿನ ಮಧ್ಯಾಹ್ನ ಅಕ್ಕ, "ಊಟಕ್ಕೆ ಬರ್ತೀಯೇನಮ್ಮ?" ಎಂದಳು.

"ನೀವು ಹೋಗಿ ಬನ್ನಿ ಮೇಡಂ, ನನಗೆ ಸ್ವಲ್ಪ ಇದೆ" ಎಂದ ಅವಳು ತಲೆ ಎತ್ತಲಿಲ್ಲ. ಅವಳ ಮುಂದಿದ್ದ ಹಾಳೆಯ ಅಂಚಿನಲ್ಲಿ ಆಗಲೇ ಆರು ಪೆನ್ಸಿಲ್ ಗುರುತುಗಳಿದ್ದವು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿರುವಂತೆಯೇ ಏಳನೆಯದೂ ಬಿತ್ತು.