ಎರಡು ತಾಸಿನ ಹಾಜರಿ

ಮೂತ್ರಕೋಶ ಎಂಬ ಅಂಗ ನನ್ನೊಳಗೆ ಇದೆ ಎಂಬುದನ್ನು ಅರವತ್ತೇಳು ವರ್ಷ ನಾನು ಗಮನಿಸಿರಲಿಲ್ಲ. ಹೃದಯದ ಬಗ್ಗೆ ಜನ ಹಾಡು ಕಟ್ಟುತ್ತಾರೆ, ಹೊಟ್ಟೆಯ ಸಲುವಾಗಿ ಊರು ಬಿಡುತ್ತಾರೆ. ಇದು ಮಾತ್ರ ಯಾವ ಗೌರವವನ್ನೂ ಬೇಡದೆ ತುಂಬುತ್ತ, ಖಾಲಿಯಾಗುತ್ತ ಇದ್ದು, ಒಂದು ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಅರ್ಜಿ ಸಲ್ಲಿಸಿತು. ನೋವಿರಲಿಲ್ಲ. ಹಿಂದಿನ ದಿನದ ಬೀಟ್‌ರೂಟ್ ಪಲ್ಯದ ಮೇಲೆ ಆರೋಪ ಹೊರಿಸಿ ನಾನು ಎರಡು ವಾರ ಕಳೆದೆ. ಮೂರನೆಯ ಸಲ ಬಣ್ಣ ಕಂಡಾಗ ಮನೆಯಾಕೆ, "ಮನಿಗೆ ಬೀಟ್‌ರೂಟ್ ಬಂದು ಹದಿನೈದು ದಿನಾ ಆತು. ಅದರ ಮ್ಯಾಲಿನ ಕೇಸು ವಾಪಸ್ ತಗೋರಿ, ದವಾಖಾನಿಗೆ ನಡೀರಿ" ಎಂದಳು.

ಗದುಗಿನ ಡಾಕ್ಟರು ನನ್ನ ಮಗನ ವಯಸ್ಸಿನವರು. ಮೂತ್ರದ ದಾರಿಯಿಂದಲೇ ನಳಿಕೆ ಇಳಿಸಿ ಒಳಗಿನ ಗಡ್ಡೆಯನ್ನು ಕೆರೆದು ತೆಗೆದರು, ಚೂರನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದಾಗ ಚೀಟಿಯ ಹಿಂದೆ ಒಂದು ಗೋಡೆಯ ಚಿತ್ರ ಬರೆದರು, ಇಟ್ಟಿಗೆ, ಅದರ ಮೇಲೆ ಗಾರೆಯ ಗಿಲಾವು.

"ಕಾಕಾ, ಕ್ಯಾನ್ಸರ್ ಐತಿ, ಸಿಟ್ಟಿನ ಜಾತಿದು. ಆದ್ರ ಗ್ವಾಡಿ ಗಿಲಾವ್ ಅಷ್ಟ ಕೆಟ್ಟೈತಿ, ಇಟ್ಟಂಗಿಗೆ ಹತ್ತಿಲ್ಲ. ಕೆರೆದೇನಿ, ಆದ್ರೂ ಇದು ಮತ್ತ ಮತ್ತ ಬರೋದು. ವಾರಕ್ಕೊಂದ್ರಂಗ ಆರು ವಾರ ಒಳಗ ಔಷಧ ಬಿಡೂಣು. ಬಿಟ್ಟ ಮ್ಯಾಲ ಎರಡು ತಾಸು ತಡಕೋಬೇಕು, ಅಷ್ಟ."

ಔಷಧ ಯಾವುದೆಂದು ವಿಚಾರಿಸಿದೆ. ಹುಟ್ಟಿದ ಕೂಸಿನ ತೋಳಿಗೆ ಕ್ಷಯ ಬಾರದಂತೆ ಚುಚ್ಚುತ್ತಾರಲ್ಲ, ಆ ಬಿಸಿಜಿಯೇ ಅಂತೆ. ಒಳಗಿನ ಸೈನ್ಯವನ್ನು ಎಬ್ಬಿಸಿ ಕ್ಯಾನ್ಸರಿನ ಮೇಲೆ ಛೂ ಬಿಡುತ್ತದಂತೆ. ಕೂಸುಗಳ ಲಸಿಕೆಯನ್ನು ಈ ವಯಸ್ಸಿನಲ್ಲಿ, ಅದೂ ಆ ದಾರಿಯಿಂದ ಹಾಕಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ ಎಂದು ಸಮಾಧಾನ ತಂದುಕೊಂಡೆ. ನರ್ಸಬಾಯಿ ಒಂದು ಕಾರ್ಡು ಕೊಟ್ಟಳು. ಔಷಧ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಎರಡೇ ಕಾಲಂ. ಮನೆಯಲ್ಲಿ ಬರೆದು ತರಬೇಕು.

ಇಲ್ಲಿ ನನ್ನ ಹಿಂದಿನ ಉದ್ಯೋಗದ ವಿಚಾರ ಹೇಳದೆ ಗತ್ಯಂತರವಿಲ್ಲ. ಬೆಟಗೇರಿಯ ಒಂದು ಹತ್ತಿ ಗಿರಣಿಯಲ್ಲಿ, ಅದು ಮುಚ್ಚುವವರೆಗೂ, ನಾನು ಹಾಜರಿ ಪುಸ್ತಕ ಬರೆಯುತ್ತಿದ್ದೆ. ಎಂಟಕ್ಕೆ ಗಿರಣಿಯ ಭೋಂಗಾ ಕೂಗುತ್ತಿತ್ತು. ಹಿರೇಹಂದಿಗೋಳ, ಕುರ್ತಕೋಟಿ ಕಡೆಯ ಹೆಣ್ಣುಮಕ್ಕಳು ಟೆಂಪೋದಲ್ಲಿ ಬರುತ್ತಿದ್ದರು, ಮತ್ತು ಟೆಂಪೋಕ್ಕೆ ಎಂಟರ ಬಗ್ಗೆ ತನ್ನದೇ ಅಭಿಪ್ರಾಯವಿತ್ತು. ಎಂಟೂ ಇಪ್ಪತ್ತಕ್ಕೆ ಬಂದವಳಿಗೆ ಅರ್ಧ ದಿನದ ಹಾಜರಿ ಹೊಡೆಯಬೇಕೆಂಬುದು ನಿಯಮ. ನಾನು ಎಂಟು ಎಂದೇ ಬರೆಯುತ್ತಿದ್ದೆ. ಹೀಗೆ ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ಪುಸ್ತಕದಲ್ಲಿ ಯಾರೂ ತಡವಾಗಿ ಬಂದದ್ದಿಲ್ಲ. ಹೊತ್ತು ಎಂಬುದು ಆದದ್ದಲ್ಲ, ಆಗಬೇಕಾದದ್ದು ಎಂದು ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು.

ಮೊದಲ ಗುರುವಾರ ಔಷಧ ಬಿಡಿಸಿಕೊಂಡು ಆಟೋದಲ್ಲಿ ಮನೆಗೆ ಬಂದು ಮಲಗಿದೆ. ಔಷಧ ಎಲ್ಲ ಕಡೆ ತಾಗಲೆಂದು ಕಾಲು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಮನೆಯಾಕೆ ಗಡಿಯಾರ ನೋಡಿ, "ಈಗ ಎಡಕ್ಕ, ಈಗ ಡಬ್ಬ" ಎಂದು ರೊಟ್ಟಿ ಹೊಳ್ಳಿ ಹಾಕಿದಂತೆ ಹಾಕಿದಳು. ಅರ್ಧ ತಾಸಿಗೆ ಒಳಗೆ ಮೆಣಸಿನಕಾಯಿ ಘಾಟು ಹತ್ತಿತು. ನಲವತ್ತು ನಿಮಿಷಕ್ಕೆ ನಾನು ಓಡಿದೆ. ಕೂತೇ ಮಾಡಬೇಕು, ಆಮೇಲೆ ಬ್ಲೀಚಿಂಗ್ ಸುರಿಯಬೇಕು, ಆರು ತಾಸು ಇದೇ ವ್ರತ. ಎಲ್ಲವನ್ನೂ ನೇಮದಂತೆ ಪಾಲಿಸಿ, ಕಾರ್ಡು ತೆಗೆದು ಪೆನ್ನು ಹಿಡಿದೆ. ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹನ್ನೊಂದೂ ಕಾಲಿಂದ ಒಂದೂ ಕಾಲು ಎಂದು ಮುದ್ದಾದ ಅಕ್ಷರದಲ್ಲಿ ಬರೆಯಿತು. ಉಳಿದ ಐದು ಗುರುವಾರಗಳೂ ಅಷ್ಟೇ. ಒಂದು ಸಲವಂತೂ ಇಪ್ಪತ್ತೇ ನಿಮಿಷ.

ಕೆಲವು ವಾರ ಬಿಟ್ಟು ಮತ್ತೆ ನಳಿಕೆ ಇಳಿಸಿ ನೋಡಿದರು. ಹೊಸ ಜಾಗದಲ್ಲಿ ಒಂದು ಕೆಂಪು ಮಚ್ಚೆ ಇತ್ತು. ಅದನ್ನೂ ಕೆರೆದು ಕಳಿಸಿದರು. ಅದೇ ಸಿಟ್ಟಿನ ಜಾತಿ, ಆದರೆ ಇನ್ನೂ ಗಿಲಾವಿನಲ್ಲೇ. ಡಾಕ್ಟರು ನನ್ನ ಕಾರ್ಡನ್ನು ಬಹಳ ಹೊತ್ತು ನೋಡಿದರು.

"ಇಷ್ಟು ಬರೋಬ್ಬರಿ ತಡಕೊಂಡ ಪೇಶಂಟ್ ನಾ ನೋಡಿಲ್ಲ ಕಾಕಾ. ಅಷ್ಟಾದ್ರೂ ಬಂದೈತಿ ಅಂದ್ರ ಔಷಧ ನಿಮಗ ಹತ್ತಿಲ್ಲ. ಮೂತ್ರಕೋಶ ತಗದಬಿಡೋದು ಚೊಲೋ."

ತೆಗೆದ ಮೇಲೆ ಎರಡು ದಾರಿ. ಕರುಳಿನ ತುಂಡಿನಿಂದ ಹೊಟ್ಟೆಗೆ ಒಂದು ಬಾಯಿ ಮಾಡಿ ಹೊರಗೆ ಚೀಲ ಅಂಟಿಸುವುದು, ಇಲ್ಲವೆ ಕರುಳಿನಿಂದಲೇ ಒಳಗೆ ಹೊಸ ಕೋಶ ಹೊಲಿಯುವುದು. ಎರಡನೆಯದನ್ನು ಪಳಗಿಸಲು ತಿಂಗಳುಗಟ್ಟಲೆ ಬೇಕು, ನಿಮಗೆ ಮೊದಲನೆಯದೇ ಹಗುರ ಎಂದರು. ಹದಿನೈದು ದಿನ ಯೋಚಿಸಿ ಎಂದು, ಆ ಆಪರೇಶನ್ ಆದ ಲಕ್ಷ್ಮೇಶ್ವರದ ಒಬ್ಬ ದರ್ಜಿಗೆ ತಾವೇ ಫೋನು ಮಾಡಿ, ನನ್ನೊಡನೆ ಮಾತಾಡಲು ಒಪ್ಪಿಸಿದರು.

ಯೋಚಿಸಲು ಕೂರಬೇಕು. ನನಗೆ ಕೂರಲಾಗಲಿಲ್ಲ. ಶುಕ್ರವಾರ ಮುಂಡರಗಿ ಬಸ್ಸು ಹತ್ತಿದೆ. ಅಲ್ಲಿ ನನಗೆ ಕೆಲಸವಿರಲಿಲ್ಲ. ಇಳಿದೆ, ನಿಲ್ದಾಣದ ಮೂತ್ರಿಖೋಲಿಗೆ ಹೋದೆ, ಮರಳಿ ಹತ್ತಿದೆ. ಶನಿವಾರ ಶಿರಹಟ್ಟಿ. ಬಸ್ಸು ಅಲುಗಾಡುವಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು, ನಿಂತರೆ ಶುರು. ಇಷ್ಟೊಂದು ಪ್ರಾಮಾಣಿಕವಾದ ಅಂಗವನ್ನು ನನ್ನ ಅಕ್ಷರದ ಮೇಲೆ ನಂಬಿಕೆಯಿಟ್ಟು ತೆಗೆಯುತ್ತಾರೆಯೆ? ಮನೆಯಾಕೆಗೆ ಒಳಗಿನದು ತಿಳಿಯದು. ರವಿವಾರ ಚಪ್ಪಲಿ ಹಾಕುವಾಗ ಕೇಳಿದಳು, "ಇವತ್ತ ಯಾವ ಊರಿನ ಮೂತ್ರಿಖೋಲಿ ತಪಾಸಣಿ?"

"ಲಕ್ಷ್ಮೇಶ್ವರದ್ದು" ಎಂದೆ. "ಹಂಗಾದ್ರ ನಾನೂ ಬರ್ತೀನಿ" ಎಂದು ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಂಡಳು.

ದರ್ಜಿ ಅಂಗಡಿಯಲ್ಲಿ ಅಡರಕಟ್ಟಿಯ ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದ. ನನಗಿಂತ ಎರಡು ವರ್ಷ ಚಿಕ್ಕವನಿರಬೇಕು. ಮನೆಯಾಕೆ ಪಕ್ಕದ ಬಳೆ ಅಂಗಡಿಗೆ ಹೋದಳು. ಆತ ಅಂಗಿ ಎತ್ತಿ ತೋರಿಸಿದ. ಹೊಕ್ಕುಳದ ಬಲಕ್ಕೆ ಅಂಗೈ ಅಗಲದ ಚೀಲ, ಅರ್ಧ ತುಂಬಿತ್ತು.

"ನೋಡ್ರಿ, ಮುಚ್ಚಿಡಾಕ ಇದೇನ್ ಕದ್ದದ್ದಲ್ಲ. ಮೂರು ತಾಸಿಗೊಮ್ಮೆ ಖಾಲಿ ಮಾಡ್ತೀನಿ. ಮಷೀನ್ ತುಳೀತೀನಿ, ನಮಾಜ್ ಮಾಡ್ತೀನಿ, ಮದವಿ ಊಟ ಬಿಡಂಗಿಲ್ಲ. ಮೊದಲ ಆರು ತಿಂಗಳು ಇದರ ಮ್ಯಾಲ ಸಿಟ್ಟ ಬರ್ತಿತ್ರಿ. ಈಗ ಕರೆಂಟ್ ಹೋದ್ರ ಅಷ್ಟ ಸಿಟ್ಟು."

ಪ್ಯಾಂಟಿನ ಪಟ್ಟಿ ಎರಡು ಬೆರಳು ಮೇಲೆ ಹಿಡಿದರೆ ಏನೂ ಕಾಣದು ಎಂದು ಕಣ್ಣಲ್ಲೇ ನನ್ನ ಸೊಂಟದ ಅಳತೆ ತೆಗೆದುಕೊಂಡ. ಆಮೇಲೆ ಕೇಳಿದ, "ಔಷಧ ಎಷ್ಟು ಹೊತ್ತು ತಡಕೊಂಡ್ರಿ ಸಾಹೇಬ್ರ?"

"ಎರಡು ತಾಸು."

"ಆರೂ ಸಲ?"

"ಆರೂ ಸಲ."

ಮಷೀನು ನಿಂತಿತು. "ಅಬ್ಬಬ್ಬ. ನನಗ ಅರ್ಧ ತಾಸು ದಾಟಲಿಲ್ರಿ. ಡಾಕ್ಟರ್ ಮುಂದ ಅತ್ತಬಿಟ್ಟೆ. ಗುಳಿಗಿ ಕೊಟ್ರು, ಆಮ್ಯಾಲ ತಾಸಿನ ಮಟ ಬಂತು. ಅಷ್ಟೆಲ್ಲಾ ಮಾಡಿದ್ರೂ ರೋಗ ಹೋಗಲಿಲ್ಲ, ತಗಿಸಿದೆ. ಎಲ್ಲಾ ಮಾಡಿ ನೋಡೇನಿ ಅಂತ ಮನಸ್ಸು ನಿರಾಳ ಐತಿ."

ಮರಳುವ ಬಸ್ಸಿನಲ್ಲಿ ಮನೆಯಾಕೆಗೆ ಕಾರ್ಡಿನ ವಿಚಾರ ಹೇಳಿದೆ. ನಾನು ಬೇಗ ಎದ್ದು ಓಡಿದ್ದನ್ನು ಆಕೆ ಕಂಡಿದ್ದಳು. ಡಾಕ್ಟರಿಗೆ ತಿಳಿಸಿದ್ದೇನೆಂದು ನಂಬಿದ್ದಳು.

"ಗಿರಣ್ಯಾಗ ಆ ಹೆಣ್ಣಮಕ್ಕಳಿಗೆ ಉಪಕಾರ ಮಾಡಿದ್ರಿ. ಇಲ್ಲಿ ಯಾರಿಗೆ ಮಾಡಿದ್ರಿ?"

ಗಡ್ಡೆಗೆ ಎಂಬ ಉತ್ತರವೊಂದೇ ಹೊಳೆಯಿತು.

ಸೋಮವಾರವೇ ದವಾಖಾನೆಗೆ ಹೋದೆವು. ನಾನು ನಿಂತುಕೊಂಡೇ ಹೇಳಿದೆ, ಡಾಕ್ಟರು ಕೂತುಕೊಂಡೇ ಕೇಳಿದರು. ಖರೇ ಹೊತ್ತು ನೆನಪಿದೆಯೆ ಎಂದರು. ನಲವತ್ತು, ಮೂವತ್ತೈದು, ಐವತ್ತು, ಇಪ್ಪತ್ತೈದು, ನಲವತ್ತು, ಇಪ್ಪತ್ತು. ಸುಳ್ಳು ಬರೆಯುವವನಿಗೆ ನಿಜ ಬಾಯಿಪಾಠವಿರಬೇಕಾಗುತ್ತದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಹಳೆಯ ಕಾರ್ಡಿಗೆ ಉದ್ದಕ್ಕೆ ಗೀಟು ಹಾಕಿ ಹೇಳಿದರು, "ಪೂರಾ ತಡಕೊಂಡಿದ್ರ ಹೋಗ್ತಿತ್ತು ಅಂತ ಹೇಳಾಕ ಬರಂಗಿಲ್ಲ. ಗಿಲಾವ್‌ನ್ಯಾಗ ಇರೋದ್ರಿಂದ ಇನ್ನೊಂದು ಸುತ್ತು ಕೊಡಬಹುದು, ಉರಿ ತಡಿಯಾಕ ಗುಳಿಗಿ ಹಚ್ಚಿ. ಆದ್ರ ಅಷ್ಟರಾಗ ಇಟ್ಟಂಗಿಗೆ ಇಳೀತು ಅಂದ್ರ, ಆಮ್ಯಾಲ ತಗದ್ರೂ ತಡಾ ಆಗಿರ್ತೈತಿ. ಈಗ ತಗದ್ರ ಆ ಅಂಜಿಕಿ ಕಡಿಮಿ."

"ನಿಮ್ಮ ಅಪ್ಪಾರಿಗೆ ಆಗಿದ್ರ ಏನ್ ಮಾಡ್ತಿದ್ರಿ?" ಎಂದು ಮನೆಯಾಕೆ ಕೇಳಿದಳು.

"ಅಪ್ಪಾ ಖರೇ ಹೇಳಾವ್ರಿದ್ರ ಇನ್ನೊಂದು ಸುತ್ತು ನೋಡ್ತಿದ್ದೆ. ಸುಳ್ಳು ಹೇಳಾವ್ರಿದ್ರ ನಾಳೀನ ತಗಿಸ್ತಿದ್ದೆ."

ಎರಡನೆಯ ಸುತ್ತು ಕೇಳಿ ಪಡೆದೆ. ಗುಳಿಗೆ ನುಂಗಿ, ಔಷಧಕ್ಕೆ ಮೊದಲು ಮುಂಜಾನೆಯ ಚಹಾ ಬಿಟ್ಟು, ಆರು ಗುರುವಾರ ಮಲಗಿದೆ. ತಾಸು ಹತ್ತು ನಿಮಿಷ, ತಾಸು ಇಪ್ಪತ್ತು, ಒಮ್ಮೆ ಒಂದೂವರೆ ತಾಸೂ ಆಯಿತು. ನಾಲ್ಕನೆಯ ವಾರ ಕೆಮ್ಮು ಬಂದು ಐವತ್ತು ನಿಮಿಷಕ್ಕೇ ಎದ್ದೆ. ಐವತ್ತು ಎಂದು ಬರೆಯುವಾಗ ಕೈ ಹಟ ಹಿಡಿಯಿತು. ಎರಡು ಸಲ ಪೆನ್ನು ಕೆಳಗಿಟ್ಟೆ. ಬರೆದೆ.

ಬರುವ ಗುರುವಾರ ಮತ್ತೆ ನಳಿಕೆ. ಮಚ್ಚೆ ಕಂಡರೆ ಮೂರನೆಯ ಸುತ್ತು ಕೇಳುವುದಿಲ್ಲ, ತೆಗೆಸುತ್ತೇನೆ ಎಂದು ಮನೆಯಾಕೆಗೆ ಹೇಳಿದ್ದೆ. "ನನ್ನ ಮುಂದ ಹೇಳಿ ಏನ್ ಉಪಯೋಗ? ಡಾಕ್ಟರ್ ಮುಂದ ಹೇಳ್ರಿ" ಎಂದಳು. ನಿನ್ನೆ ಫೋನು ಮಾಡಿ ಹೇಳಿದ್ದೇನೆ. ಹನ್ನೊಂದಕ್ಕೆ ಬನ್ನಿ ಎಂದರು. ನಾವು ಒಂಬತ್ತಕ್ಕೇ ಹೊರಡುವವರು. ಅಷ್ಟು ಹೊತ್ತು ಮನೆಯಲ್ಲಿ ಕೂತು ಮಾಡುವುದಾದರೂ ಏನು?