ಅವ್ವ ಫಾಯಿಲ್ ಬಿಚ್ಚಿದ ದಿನ

ವಿಜಯಪುರದ ನಮ್ಮ ಲ್ಯಾಬಿನಲ್ಲಿ ಮೂರು ವರ್ಷ ನಾನು ಒಂದೇ ಗಿಳಿಪಾಠ ಒಪ್ಪಿಸಿದ್ದೆ. ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಗುವ ಈ ಕ್ಯಾನ್ಸರ್ ಔಷಧಿ ಬಲು ನಾಜೂಕು, ಒಂಟಿಯಾಗಿ ಬೆಳಕಿಗೆ ಬಿದ್ದರೆ ಮುರಿದುಹೋಗುತ್ತದೆ. ಒಂದು ಪ್ರೋಟೀನು ಅದನ್ನು ತನ್ನ ಮಡಿಕೆಯೊಳಗೆ ಅವುಚಿಕೊಂಡು ಕಾಯುತ್ತದೆ, ಜೀವಕೋಶ ಸೇರಿದ ಮೇಲೆ ಬಿಟ್ಟುಕೊಡುತ್ತದೆ. ಹೀಗೆ ಹೇಳುತ್ತಲೇ ಬೆಳಕು ತಾಗದಿರಲೆಂದು ಟ್ಯೂಬಿನ ಸ್ಟ್ಯಾಂಡಿಗೆ ಎರಡೆರಡು ಸುತ್ತು ಫಾಯಿಲ್ ಸುತ್ತುತ್ತಿದ್ದೆ. ನನ್ನ ನಂಬಿಕೆ ಅಷ್ಟಕ್ಕಷ್ಟೇ.

ಆ ಸಲ ಉಳಿದದ್ದು ಒಂದೇ ಟ್ಯೂಬು ಔಷಧಿ. ಎರಡು ದಿನ ಬಿಟ್ಟು ಪರೀಕ್ಷಕರ ಮುಂದೆ ಅದು ಕೆಲಸ ಮಾಡುವುದನ್ನು ತೋರಿಸಬೇಕಿತ್ತು, ಇಲ್ಲದಿದ್ದರೆ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಅಂಥ ಹೊತ್ತಿನಲ್ಲಿ ತಿಕೋಟಾದಿಂದ ಅವ್ವ ಬಂದಳು, ಡಬ್ಬಿ ತುಂಬ ಶೇಂಗಾ ಹೋಳಿಗೆ ಹೊತ್ತು. ಅವಳನ್ನು ನನ್ನ ಮೇಜಿನ ಬಳಿ ಕೂರಿಸಿ ಗೈಡ್ ಮೇಡಮ್ಮರನ್ನು ಕರೆತರಲು ಹೋದೆ. ಬಂದು ನೋಡಿದರೆ ಟ್ಯೂಬು ಕಿಟಕಿಯ ಬಿಸಿಲಲ್ಲಿ ಬೆತ್ತಲೆ ನಿಂತಿದೆ, ಫಾಯಿಲ್ ಹೋಳಿಗೆಯನ್ನು ಸುತ್ತಿಕೊಂಡಿದೆ!

"ಮೇಡಮ್ಮಾರ್ನ ಬರಿಗೈಲೆ ಕಳಸ್ಬೇಕೇನ? ಇಷ್ಟ್ ಚೊಲೊ ಹಾಳಿ ಸುಮ್ನ ಸುತ್ತಿಟ್ಟಿದ್ದಿ," ಅಂದಳು ಅವ್ವ.

"ಯವ್ವಾ, ಏನ ಮಾಡಿಟ್ಟಿ ಬೇ! ನನ್ನ ಮೂರ ವರ್ಸ ಹಾಳಾತು!"

ಲ್ಯಾಬಿನ ಹಾಳೆಯಲ್ಲಿ ಸುತ್ತಿದ್ದನ್ನು ತಿನ್ನುವಂತಿಲ್ಲ, ಹೋಳಿಗೆಯೂ ಕಸದ ಬುಟ್ಟಿ ಸೇರಿತು. ಮುಖ ಸಣ್ಣದು ಮಾಡಿಕೊಂಡು ಅವ್ವ ಮುಂದಿನ ಬಸ್ಸಿಗೇ ಹೊರಟಳು.

ಮೇಡಮ್ಮರು ಬಬಲೇಶ್ವರದ ಕಡೆಯವರು, ಮಾತು ನೇರ. "ಪ್ರೋಟೀನಿನಿಂದ ಔಷಧಿ ಬ್ಯಾರೆ ಮಾಡಿದ್ದೇನ?"

"ಇಲ್ರಿ."

"ಮತ್ಯಾಕ ಅಳಾಕತ್ತಿ? ಪ್ರೋಟೀನು ಕಾಯ್ತೈತಿ ಅಂತ ಬರದಾಕಿನೂ ನೀನ, ನಂಬಲಾರದಾಕಿನೂ ನೀನ. ಪ್ಲೇಟಿಗೆ ಹಾಕಿ ನೋಡು."

ಬ್ಯಾಕ್ಟೀರಿಯಾ ಹರಡಿದ ಪ್ಲೇಟಿಗೆ ಒಂದು ಹನಿ ಬಿಟ್ಟೆ. ಈ ಔಷಧಿ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ; ಕೆಟ್ಟಿರದಿದ್ದರೆ ಹನಿ ಬಿದ್ದ ಕಡೆ ಬ್ಯಾಕ್ಟೀರಿಯಾ ಸತ್ತು ಜಾಗ ತಿಳಿಯಾಗಬೇಕು. ಮರುದಿನ ಬೆಳಿಗ್ಗೆ ನೋಡುತ್ತೇನೆ, ರೂಪಾಯಿಯಗಲ ತಿಳಿ ವೃತ್ತ! ಕುಣಿದುಬಿಟ್ಟೆ. ಆಮೇಲೆ ಅವ್ವನ ಮೇಲೆ ಹಾರಾಡಿದ್ದು ನೆನಪಾಗಿ ನಾಚಿಕೆಯಾಯಿತು. ಫೋನು ಮಾಡಿದೆ.

"ಯವ್ವಾ, ಔಷಧಿಗೆ ಏನೂ ಆಗಿಲ್ಲ ಬೇ. ಪ್ರೋಟೀನು ಅದನ್ನ ಕೈ ಬಿಟ್ಟಿಲ್ಲ."

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು.

"ಹಂಗಾರ ಫೋನ್ ಇಡು, ಒಂದ್ ರೊಟ್ಟಿ ತಿಂತೇನಿ," ಅಂದಳು ಅವ್ವ. "ನಿನ್ನಿಯಿಂದ ಗಂಟಲದಾಗ ಏನೂ ಇಳದಿಲ್ಲ."